ಆರೋಗ್ಯ ಪಾಠ: ಕರುಳಿನ ಕಾವಲುಗಾರರು ಮತ್ತು ಎಂ.ಎಸ್. ಕಾಯಿಲೆ



ಈ ತಿಂಗಳ ಪಾಠಕ್ಕೆ ನಾವು ಅಪರೂಪದ ಒಂದು ಕಾಯಿಲೆಯನ್ನು ಆರಿಸಿಕೊಂಡಿದ್ದೇವೆ. ಅಪರೂಪದ್ದಾದ ಕಾರಣ ಅದನ್ನು ಬೇಗ ಗುರುತಿಸುವವರಿಲ್ಲ. ತಡವಾದದ್ದರ ಕಷ್ಟ ಅನುಭವಿಸುವವರು ಹೆಚ್ಚಾಗಿ ಹೆಂಗಸರೇ. ಸಂಘದ ಸಭೆಯಲ್ಲಿ ಒಬ್ಬರು ಇದನ್ನು ನಿಧಾನವಾಗಿ ಓದಲಿ. ಉಳಿದವರು ಕೇಳಿ, ಕೊನೆಯಲ್ಲಿರುವ ಪ್ರಶ್ನೆಗಳನ್ನು ಚರ್ಚಿಸಿರಿ.

ಹೀಗೊಂದು ಮನೆ ಎಂದಿಟ್ಟುಕೊಳ್ಳಿ. ಇಪ್ಪತ್ತೆಂಟು ವರ್ಷದ ಸೊಸೆ. ಒಂದು ದಿನ ಅವಳ ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ನೋವು. ಕೆಲವು ವಾರಗಳಲ್ಲಿ ತಾನಾಗಿ ಸರಿಯಾಗುತ್ತದೆ. ಆರು ತಿಂಗಳ ನಂತರ ಕಾಲು ಜೋಮು ಹಿಡಿಯುತ್ತದೆ, ನಡೆಯುವಾಗ ತೂರಾಡುತ್ತಾಳೆ. ಅದೂ ಕಡಿಮೆಯಾಗುತ್ತದೆ. ಸುಸ್ತು ಮಾತ್ರ ಬಿಡುವುದಿಲ್ಲ. "ಕೆಲಸ ತಪ್ಪಿಸ್ಲಿಕ್ಕೆ ನಾಟಕ" ಅಂತ ಮನೆಯವರು ಹೇಳ್ತಾರೆ. "ಏನೋ ಗಾಳಿ ಸೋಕಿದೆ" ಅಂತ ನೆರೆಯವರು ಹೇಳ್ತಾರೆ. ಅವಳು ಸಂಘಕ್ಕೆ ಬರುವುದನ್ನೂ ಬಿಡುತ್ತಾಳೆ. ನಾವೇನು ಮಾಡುತ್ತೇವೆ? ಗೈರುಹಾಜರಿಗೆ ದಂಡ ಹಾಕುತ್ತೇವೆ!

ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಆಗಿರಬಹುದು. ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ.

ಎಂ.ಎಸ್. ಎಂದರೇನು?

ನಮ್ಮ ಮನೆಯ ಕರೆಂಟ್ ವಯರನ್ನು ನೋಡಿ. ಒಳಗೆ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಇಲಿ ಆ ಹೊದಿಕೆಯನ್ನು ಕಡಿದರೆ ದೀಪ ಮಿನುಗುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಎಳೆಗಳಿಗೂ ಇಂಥದೇ ಒಂದು ಹೊದಿಕೆ ಇದೆ. ಅದಕ್ಕೆ ಮಯಲಿನ್ ಎಂದು ಹೆಸರು. ರೋಗಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ದಾರಿ ತಪ್ಪಿ ಈ ಹೊದಿಕೆಯ ಮೇಲೆ ದಾಳಿ ಮಾಡುವುದೇ ಎಂ.ಎಸ್. ಫ್ರಾನ್ಸಿನ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು.

ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಉತ್ತರ ಯುರೋಪಿನ ದೇಶಗಳಲ್ಲಿ ಲಕ್ಷಕ್ಕೆ ನೂರಕ್ಕೂ ಹೆಚ್ಚು ಮಂದಿಗೆ ಇದೆ. ನಮ್ಮಲ್ಲಿ ಅಷ್ಟಿಲ್ಲ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಡೆಸಿ, 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿ ಕಂಡುಬಂದರು. ಕಡಿಮೆ ನಿಜ, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಇದು ಅಂಟುರೋಗ ಅಲ್ಲ, ಶಾಪವೂ ಅಲ್ಲ.

ಹೊಟ್ಟೆಗೂ ನರಕ್ಕೂ ಏನು ಸಂಬಂಧ?

ನಮ್ಮ ದೇಹದ ರೋಗನಿರೋಧಕ ಕಣಗಳಲ್ಲಿ ಅನೇಕವು ಕರುಳಿನ ಗೋಡೆಯಲ್ಲಿ ಇರುತ್ತವೆ. ಏಕೆಂದರೆ ಹೊರಗಿನ ವಸ್ತು ದಿನಾಲೂ ಅತಿ ಹೆಚ್ಚಾಗಿ ಒಳಗೆ ಬರುವ ಬಾಗಿಲು ಅದೇ. ಅಲ್ಲಿ ಲಕ್ಷಾಂತರ ಕೋಟಿ ಸೂಕ್ಷ್ಮಾಣುಗಳು ವಾಸವಾಗಿವೆ. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ನಮಗೆ ಗೊತ್ತು, ಸೂಕ್ಷ್ಮಾಣುಗಳೆಲ್ಲ ಕೆಟ್ಟವಲ್ಲ. ಕರುಳಿನ ಕಾವಲುಗಾರರು ಇವುಗಳ ನಡುವೆಯೇ ಇದ್ದು, ಯಾರು ನಮ್ಮವರು, ಯಾರು ವೈರಿ ಎಂದು ಕಲಿಯುತ್ತಾರೆ. ಕಲಿತವರು ರಕ್ತದ ಮೂಲಕ ದೇಹದ ಬೇರೆ ಕಡೆಗೂ ಹೋಗುತ್ತಾರೆ. ಪಾಠ ತಪ್ಪಿದರೆ ಏನಾಗಬಹುದು ಎಂಬುದನ್ನು ವಿಜ್ಞಾನಿಗಳು ಹಂತ ಹಂತವಾಗಿ ನೋಡಿದ್ದಾರೆ.

2011ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು, ಎಂ.ಎಸ್.ನಂಥ ಕಾಯಿಲೆ ತಾನಾಗಿ ಬರುವ ತಳಿಯ ಇಲಿಗಳನ್ನು ಒಂದೂ ಸೂಕ್ಷ್ಮಾಣು ಇಲ್ಲದ ಜಾಗದಲ್ಲಿ ಸಾಕಿದರು. ಅವುಗಳಿಗೆ ಕಾಯಿಲೆ ಬರಲಿಲ್ಲ. ಕರುಳಿಗೆ ಸಾಮಾನ್ಯ ಸೂಕ್ಷ್ಮಾಣುಗಳನ್ನು ಸೇರಿಸಿದ ಮೇಲೆ ಬಂತು.

2017ರಲ್ಲಿ ಅವಳಿಗಳ ಮೇಲಿನ ಅಧ್ಯಯನ ಪ್ರಕಟವಾಯಿತು. ಒಂದೇ ರೂಪದ 34 ಜೋಡಿ ಅವಳಿಗಳಲ್ಲಿ ಒಬ್ಬರಿಗೆ ಎಂ.ಎಸ್. ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಅವರಲ್ಲಿ ಕೆಲವರ ಕರುಳಿನ ಸೂಕ್ಷ್ಮಾಣುಗಳನ್ನು ಇಲಿಗಳಿಗೆ ಕೊಟ್ಟಾಗ, ರೋಗಿಗಳಿಂದ ಪಡೆದ ಇಲಿಗಳಲ್ಲಿ ಕಾಯಿಲೆ ಹೆಚ್ಚಾಗಿ ಕಾಣಿಸಿತು.

ಒಳ್ಳೆಯ ಸುದ್ದಿಯೂ ಇದೆ. ಕರುಳಿನಲ್ಲಿ ತಯಾರಾದ ಕೆಲವು ಕಣಗಳು ಮೆದುಳಿಗೆ ಹೋಗಿ ಅಲ್ಲಿಯ ಉರಿಯೂತವನ್ನು ತಣ್ಣಗೆ ಮಾಡುತ್ತವೆ ಎಂದು 2019ರಲ್ಲಿ ಇಲಿಗಳ ಪ್ರಯೋಗದಿಂದ ತಿಳಿಯಿತು. ಅಂದರೆ ಕರುಳಿನಿಂದ ಜಗಳಗಂಟರೂ ಹೊರಡಬಹುದು, ಜಗಳ ಬಿಡಿಸುವವರೂ ಹೊರಡಬಹುದು.

ಹಾಗಾದರೆ ಊಟ ಸರಿ ಮಾಡಿದರೆ ವಾಸಿಯಾಗ್ತದಾ?

ಇಲ್ಲ. ಇದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಬೇಕು. ಕರುಳು ಒಂದು ಕಾರಣದ ಒಂದು ಭಾಗ ಮಾತ್ರ. ವಂಶದ ಗುಣ, ಡಿ ಜೀವಸತ್ವದ ಕೊರತೆ, ಬೀಡಿ-ಸಿಗರೇಟಿನ ಹೊಗೆ ಇವೂ ಸೇರುತ್ತವೆ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ಎಂಬ ವೈರಸ್ ತಗುಲಿದ ಮೇಲೆ ಎಂ.ಎಸ್. ಬರುವ ಸಾಧ್ಯತೆ 32 ಪಟ್ಟು ಹೆಚ್ಚುತ್ತದೆ ಎಂದು ಕಂಡಿತು. ಆದರೆ ದೊಡ್ಡವರಲ್ಲಿ ಹೆಚ್ಚಿನವರಿಗೆ ಈ ವೈರಸ್ ಒಮ್ಮೆ ತಗುಲಿಯೇ ಇರುತ್ತದೆ, ಕಾಯಿಲೆ ಬರುವುದು ಎಲ್ಲೋ ಕೆಲವರಿಗೆ.

2022ರ ಇನ್ನೊಂದು ಅಧ್ಯಯನದಲ್ಲಿ 576 ರೋಗಿಗಳನ್ನು, ಅವರ ಜೊತೆ ಒಂದೇ ಮನೆಯಲ್ಲಿರುವ ಆರೋಗ್ಯವಂತರೊಂದಿಗೆ ಹೋಲಿಸಿದರು. ಕರುಳಿನ ಸೂಕ್ಷ್ಮಾಣುಗಳಲ್ಲಿ ವ್ಯತ್ಯಾಸ ಕಂಡಿತು. ಮನೆ ಒಂದೇ, ಆದರೂ ಕಾಯಿಲೆ ಒಬ್ಬರಿಗೆ ಮಾತ್ರ! ಆದ್ದರಿಂದ "ನೀನು ಅದು ತಿಂದೆ, ಇದು ತಿನ್ನಲಿಲ್ಲ, ಅದಕ್ಕೇ ಹೀಗಾಯ್ತು" ಎಂದು ಯಾರನ್ನೂ ದೂರಬಾರದು.

"ಕರುಳು ಶುದ್ಧಿ ಮಾಡಿದರೆ ನರದ ಕಾಯಿಲೆ ಮಾಯ" ಎಂದು ಪುಡಿ, ಪಾನೀಯ ಮಾರುವವರು ಬಂದರೆ ಎಚ್ಚರ. ಅಂಥದ್ದಕ್ಕೆ ಸಂಘದ ಸಾಲದ ಹಣ ಹೋಗಬಾರದು. ಅದನ್ನು ನಂಬಿ ಡಾಕ್ಟರರ ಮದ್ದು ನಿಲ್ಲಿಸಿದರೆ ನರಕ್ಕೆ ಆಗುವ ಹಾನಿಯನ್ನು ಮತ್ತೆ ಸರಿಪಡಿಸುವುದು ಕಷ್ಟ. ಎಂ.ಎಸ್. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲವಾದರೂ, ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಿಗಳಿವೆ. ಬೇಗ ಶುರುಮಾಡಿದಷ್ಟೂ ಒಳ್ಳೆಯದು.

ಕರುಳಿಗೆ ಹಿತವಾದ ಊಟ ಮಾತ್ರ ಎಲ್ಲರಿಗೂ ಒಳ್ಳೆಯದೇ. ನಾರು ಇರುವ ಆಹಾರವನ್ನು ಸೂಕ್ಷ್ಮಾಣುಗಳು ಹುಳಿಬರಿಸಿ, ಕಾವಲುಗಾರರನ್ನು ಶಾಂತವಾಗಿಡುವ ಆಮ್ಲಗಳನ್ನು ತಯಾರಿಸುತ್ತವೆ. ರಾಗಿ, ಕುಚ್ಚಲಕ್ಕಿ ಗಂಜಿ, ಹುರುಳಿ, ಹೆಸರುಕಾಳು, ಹರಿವೆ, ಬಸಳೆ, ಬಾಳೆದಿಂಡು, ಮಜ್ಜಿಗೆ ನಮ್ಮ ಹಿತ್ತಲಲ್ಲೂ ಅಡಿಗೆಮನೆಯಲ್ಲೂ ಇರುವಂಥವೇ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಅಭ್ಯಾಸ ನಾವು ಬಿಡಬೇಕು. ಡಾಕ್ಟರು ಹೇಳದೆ ಆಂಟಿಬಯೋಟಿಕ್ ಮಾತ್ರೆ ನುಂಗುವುದನ್ನೂ ಬಿಡಬೇಕು, ಅದು ಒಳ್ಳೆಯ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ.

ಸಂಘವಾಗಿ ನಾವು ಮಾಡಬಹುದಾದ ಕೆಲಸ

1. ನಂಬುವುದು. ಈ ಕಾಯಿಲೆಯ ಸುಸ್ತು ಹೊರಗೆ ಕಾಣಿಸದು. ಬಿಸಿನೀರ ಸ್ನಾನ, ಬಿಸಿಲಿನ ಕೆಲಸದ ನಂತರ ತೊಂದರೆ ಹೆಚ್ಚಾಗುವುದೂ ಉಂಟು. ನಾಟಕ ಎಂದು ಹೇಳಬೇಡಿ.

2. ಬೇಗ ಕರೆದೊಯ್ಯುವುದು. ಒಂದು ಕಣ್ಣು ಮಂಜಾಗುವುದು, ಕೈಕಾಲು ಜೋಮು ಅಥವಾ ಬಲಹೀನತೆ, ತೂರಾಟ, ಮೂತ್ರ ತಡೆಯಲಾಗದಿರುವುದು ಒಂದು ದಿನಕ್ಕಿಂತ ಹೆಚ್ಚು ಉಳಿದರೆ ಡಾಕ್ಟರರಿಗೆ ತೋರಿಸಿ. ತಾನಾಗಿ ಕಡಿಮೆಯಾದರೂ ನರರೋಗ ತಜ್ಞರನ್ನು ಕಾಣಿ. ಇವಕ್ಕೆ ಬೇರೆ ಕಾರಣಗಳೂ ಇರಬಹುದು, ಎಂ.ಆರ್.ಐ. ಸ್ಕ್ಯಾನ್ ಮುಂತಾದ ಪರೀಕ್ಷೆಯಿಂದಲೇ ತಿಳಿಯಬೇಕು. ಒಮ್ಮೆಲೇ ಮುಖ ಸೊಟ್ಟಗಾಗಿ, ಮಾತು ತೊದಲಿ, ಒಂದು ಬದಿಯ ಕೈಕಾಲು ಸೋತರೆ ಕಾಯಬೇಡಿ. ಅದು ಲಕ್ವ ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

3. ಹಕ್ಕು ಕೇಳುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಎಂ.ಎಸ್. ಕೂಡಾ ಇದೆ. ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಲು ಜೊತೆಗೆ ಹೋಗಿ.

ನಡೆಯಲಾರದವನನ್ನು ನಾಲ್ವರು ಹೊತ್ತು ತಂದು, ಮನೆಯ ಮಾಡು ತೆರೆದು ಯೇಸುಸ್ವಾಮಿಯ ಮುಂದೆ ಇಳಿಸಿದ ಕಥೆ ಶುಭಸಂದೇಶದಲ್ಲಿದೆ. ಯಾವ ಧರ್ಮದವರಾದರೂ ಸಂಘದ ಸದಸ್ಯೆಯರು ಒಬ್ಬರಿಗೊಬ್ಬರು ಆ ನಾಲ್ವರಂತೆ ಇರಲು ಸಾಧ್ಯವಿದೆ.

ಚರ್ಚೆಗೆ

ಅ) ಕಾರಣ ಕೇಳದೆ ನಾವು ಯಾರಿಗಾದರೂ ಗೈರುಹಾಜರಿ ದಂಡ ಹಾಕಿದ್ದೇವೆಯೇ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?

ಆ) ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಕಾಳು, ಸೊಪ್ಪು ಉಳಿದಿರುತ್ತದೆಯೇ?

ಇ) ಸದಸ್ಯೆಗೆ ದೊಡ್ಡ ಪರೀಕ್ಷೆ ಬೇಕಾದರೆ ಸಂಘದಿಂದ ತುರ್ತು ಸಾಲ ಕೊಡಲು ನಿಯಮ ಇದೆಯೇ? ಇಲ್ಲದಿದ್ದರೆ ಇಂದೇ ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.