ವಾಲ್ವ್ ರೇಡಿಯೋದ ಜೀರ್ಣೋದ್ಧಾರ

ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಪ್ರಸಾರವನ್ನು ಆರಂಭಿಸಿದಾಗ ಧಾರವಾಡ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಇವೆಲ್ಲವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಡುವೆ ಗಡಿಯೊಂದು ಹಾಯ್ದುಹೋಯಿತು. ಆದರೆ ಮಧ್ಯಮ ತರಂಗಗಳಿಗೆ ಆ ಗಡಿ ಗೊತ್ತಿರಲಿಲ್ಲ. 1966ರಲ್ಲಿ ಗುಲಬರ್ಗಾ ಕೇಂದ್ರವೂ ಸೇರಿಕೊಂಡಿತು. ಶಾಲೆಯಲ್ಲಿ ಪುಸ್ತಕದಿಂದ ಕಲಿತ ಕನ್ನಡವನ್ನು ಸಂಜೆಯ ಹೊತ್ತಿಗೆ ಜೀವಂತ ಧ್ವನಿಯಾಗಿ ಮನೆಯೊಳಗೆ ತಂದದ್ದು, ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಕುಳಿತಿದ್ದ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ.

ಆ ರೇಡಿಯೋಗಳು ಇಂದಿಗೂ ಅನೇಕ ಮನೆಗಳ ಅಟ್ಟದಲ್ಲಿವೆ. ಹಲವಕ್ಕೆ ತಿರುಪುಗುಂಡಿಗಳಿಲ್ಲ, ಕೆಲವಕ್ಕೆ ಹಿಂಬದಿಯ ರಟ್ಟು ಇಲ್ಲ, ಇನ್ನು ಕೆಲವಕ್ಕೆ ವಾಲ್ವುಗಳೇ ಇಲ್ಲ. ಭಾಗಗಳು ಸಿಗುವುದಿಲ್ಲವೆಂದು ಅವುಗಳನ್ನು ಗುಜರಿಗೆ ಹಾಕುವವರಿದ್ದಾರೆ. ಆದರೆ ಕಳೆದುಹೋದ ಭಾಗವು ಯಾವ ಕೆಲಸವನ್ನು ಮಾಡುತ್ತಿತ್ತೆಂಬುದನ್ನು ಅರಿತರೆ ಬಹುತೇಕ ಭಾಗಗಳಿಗೆ ಬದಲಿಯುಂಟು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವಾಲ್ವಿನ ಹೆಸರಿನ ಪದಚ್ಛೇದ

ವ್ಯಾಕರಣದಲ್ಲಿ ಸಮಾಸಪದವನ್ನು ಬಿಡಿಸಿದರೆ ಅರ್ಥ ಹೊರಬೀಳುವಂತೆ, ಯುರೋಪಿನ ಪದ್ಧತಿಯ ವಾಲ್ವಿನ ಹೆಸರನ್ನು ಬಿಡಿಸಿದರೆ ಅದರ ಕೆಲಸ ತಿಳಿಯುತ್ತದೆ. ಮೊದಲ ಅಕ್ಷರವು ತಂತುವನ್ನು ಕಾಯಿಸುವ ವಿದ್ಯುತ್ತನ್ನು ಸೂಚಿಸುತ್ತದೆ. 'ಇ' ಎಂದರೆ 6.3 ವೋಲ್ಟ್, 'ಯು' ಎಂದರೆ 100 ಮಿಲಿಆಂಪಿಯರ್, 'ಡಿ' ಎಂದರೆ ಬ್ಯಾಟರಿಯಿಂದ ನಡೆಯುವ 1.4 ವೋಲ್ಟಿನ ತಂತು. ಮುಂದಿನ ಅಕ್ಷರಗಳಲ್ಲಿ 'ಬಿ' ಜೋಡಿ ಡಯೋಡ್, 'ಸಿ' ಟ್ರಯೋಡ್, 'ಎಫ್' ಪೆಂಟೋಡ್, 'ಎಚ್' ಹೆಕ್ಸೋಡ್ ಅಥವಾ ಹೆಪ್ಟೋಡ್, 'ಎಲ್' ಸ್ಪೀಕರಿಗೆ ಶಕ್ತಿ ಕೊಡುವ ಪೆಂಟೋಡ್, 'ಝಡ್' ಪೂರ್ಣತರಂಗದ ರೆಕ್ಟಿಫೈಯರ್. ಕೊನೆಯ ಸಂಖ್ಯೆಯು 8ರಿಂದ ಆರಂಭವಾದರೆ ಅದು ಒಂಬತ್ತು ಕಾಲುಗಳ ಗಾಜಿನ ವಾಲ್ವ್.

ವಿದ್ಯುತ್ತಿನಿಂದ ನಡೆಯುತ್ತಿದ್ದ ಐದು ವಾಲ್ವುಗಳ ರೇಡಿಯೋದಲ್ಲಿ ಸಾಮಾನ್ಯವಾಗಿ ಕಾಣುವ ಕೂಟ ಹೀಗಿದೆ: ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80. ಧಾರವಾಡದ 765 ಕಿಲೋಹರ್ಟ್ಸ್ ಅಲೆಯನ್ನು ಹಿಡಿದಾಗ ಇಸಿಎಚ್81 ತನ್ನೊಳಗೆ 1220 ಕಿಲೋಹರ್ಟ್ಸಿನ ಇನ್ನೊಂದು ಅಲೆಯನ್ನು ಹುಟ್ಟಿಸಿ, ಎರಡರ ವ್ಯತ್ಯಾಸವಾದ 455 ಕಿಲೋಹರ್ಟ್ಸನ್ನು ಮುಂದಕ್ಕೆ ಕಳುಹಿಸುತ್ತದೆ. ಇಎಫ್89 ಅದನ್ನು ಬಲಪಡಿಸುತ್ತದೆ. ಇಬಿಸಿ81 ಅದರಿಂದ ಧ್ವನಿಯನ್ನು ಬೇರ್ಪಡಿಸುತ್ತದೆ. ಇಎಲ್84 ಸ್ಪೀಕರನ್ನು ನಡೆಸುತ್ತದೆ. ಇಝಡ್80 ಎಲ್ಲಕ್ಕೂ ಸುಮಾರು 250 ವೋಲ್ಟಿನ ನೇರ ವಿದ್ಯುತ್ತನ್ನು ಒದಗಿಸುತ್ತದೆ.

ಒಂದು ವಾಲ್ವ್ ಇಲ್ಲವಾಗಿದ್ದರೆ ಅದರ ಹೆಸರು ಸಾಮಾನ್ಯವಾಗಿ ಪೆಟ್ಟಿಗೆಯೊಳಗೆ ಅಂಟಿಸಿದ ಚೀಟಿಯಲ್ಲಿ ಅಥವಾ ಚಾಸಿಯ ಮೇಲೆ ಮುದ್ರಿತವಾಗಿರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಇಎಲ್84ಕ್ಕೆ 6ಬಿಕ್ಯೂ5 ಎಂದೂ ಇಸಿಎಚ್81ಕ್ಕೆ 6ಎಜೆ8 ಎಂದೂ ಹೆಸರು. ಯಾವ ಹೆಸರಿನದು ದೊರೆತರೂ ಹಾಕಬಹುದು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ ಇಂಥ ವಾಲ್ವುಗಳು ತಯಾರಾಗುತ್ತಿದ್ದವು. ಅವು ಇಂದಿಗೂ ಹಳೆಯ ರೇಡಿಯೋ ಅಂಗಡಿಗಳ ಡಬ್ಬಗಳಲ್ಲಿ ಸಿಗುವುದುಂಟು. ಗಿಟಾರ್ ಧ್ವನಿವರ್ಧಕಗಳಿಗೆ ಬೇಕಾಗುವುದರಿಂದ ಇಎಲ್84 ಹೊರದೇಶಗಳಲ್ಲಿ ಈಗಲೂ ತಯಾರಾಗುತ್ತಿದೆ.

ಪ್ರಾಣಾಪಾಯದ ಎಚ್ಚರಿಕೆ

ವಾಲ್ವುಗಳ ಹೆಸರು 'ಯು' ಅಕ್ಷರದಿಂದ ಆರಂಭವಾಗಿದ್ದರೆ ಅದು ಎಸಿ-ಡಿಸಿ ಸೆಟ್. ಅದರಲ್ಲಿ ಮನೆಯ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಲೋಹದ ಚಾಸಿಯೇ ನೇರವಾಗಿ ವಿದ್ಯುತ್ ತಂತಿಗೆ ಸೇರಿರುತ್ತದೆ. ಅಂಥ ಸೆಟ್ಟಿನಲ್ಲಿ ಕಳೆದುಹೋದ ತಿರುಪುಗುಂಡಿಯೂ ಹಿಂಬದಿಯ ರಟ್ಟೂ ಬರಿಯ ಅಲಂಕಾರದ ವಸ್ತುಗಳಲ್ಲ, ಮನೆಯವರ ಪ್ರಾಣರಕ್ಷಕಗಳು. ಗುಂಡಿಯನ್ನು ಬಿಗಿಯುವ ಚಿಕ್ಕ ಸ್ಕ್ರೂ ಕೂಡ ಚಾಸಿಗೆ ತಾಗಿರುವುದರಿಂದ ಅದರ ಮೇಲೆ ಮೇಣವನ್ನು ತುಂಬುತ್ತಿದ್ದರು. ಈ ಬಗೆಯ ಸೆಟ್ಟನ್ನು ಅನುಭವಿಗಳಿಗೆ ಒಪ್ಪಿಸುವುದೇ ಲೇಸು.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿಯೂ ಸ್ವಿಚ್ ಆರಿಸಿದ ಬಳಿಕ ದೊಡ್ಡ ಕಂಡೆನ್ಸರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. 10,000 ಓಂ, 5 ವ್ಯಾಟಿನ ರೋಧಕವೊಂದನ್ನು ಅವಾಹಕ ಹಿಡಿಕೆಯಿಂದ ಹಿಡಿದು ಕಂಡೆನ್ಸರಿನ ಎರಡು ತುದಿಗಳಿಗೆ ಕೆಲವು ಸೆಕೆಂಡು ತಾಗಿಸಬೇಕು. ಬಳಿಕ ಮೀಟರಿನಿಂದ ಸೊನ್ನೆಯಾದುದನ್ನು ಖಚಿತಪಡಿಸಿಕೊಂಡೇ ಕೈಯಿಕ್ಕಬೇಕು.

ಮೊದಲು ಚಾಲೂ ಮಾಡಬಾರದು

ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ ಚುಚ್ಚಿ ನೋಡುವ ಆತುರವೇ ಅನೇಕ ರೇಡಿಯೋಗಳನ್ನು ಕೊಂದಿದೆ. ಇಎಲ್84ರ ಗ್ರಿಡ್ಡಿಗೆ ಧ್ವನಿಯನ್ನು ತಲುಪಿಸುವ 0.01 ಅಥವಾ 0.02 ಮೈಕ್ರೋಫ್ಯಾರಡ್ಡಿನ ಕಾಗದದ ಕಂಡೆನ್ಸರ್ ವಯಸ್ಸಾದಂತೆ ಸೋರತೊಡಗುತ್ತದೆ. ಆಗ ಗ್ರಿಡ್ಡಿನಲ್ಲಿ ಧನ ವೋಲ್ಟೇಜ್ ಸೇರಿ ವಾಲ್ವ್ ಮಿತಿಮೀರಿ ವಿದ್ಯುತ್ತನ್ನು ಎಳೆಯುತ್ತದೆ. ಅದರ ಪ್ಲೇಟು ಕೆಂಪಾಗುತ್ತದೆ. ಕೊನೆಗೆ ಸ್ಪೀಕರಿನ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಕೆಲವೇ ರೂಪಾಯಿಗಳ ಈ ಭಾಗವನ್ನು ಮೊಟ್ಟಮೊದಲು ಬದಲಿಸಿ, 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರನ್ನು ಬೆಸೆಯಬೇಕು.

ಎರಡನೆಯದಾಗಿ, ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು. ಮೂಲದಲ್ಲಿ 32 ಮೈಕ್ರೋಫ್ಯಾರಡ್ ಇದ್ದಲ್ಲಿ ಇಂದಿನ 33 ಮೈಕ್ರೋಫ್ಯಾರಡ್, 450 ವೋಲ್ಟಿನದು ಸಾಕು. ದೊಡ್ಡದಾದಷ್ಟೂ ಒಳ್ಳೆಯದೆಂದು ತಿಳಿಯಬಾರದು: ಇಝಡ್80ರ ಎದುರಿಗಿನ ಮೊದಲ ಕಂಡೆನ್ಸರಿಗೆ 50 ಮೈಕ್ರೋಫ್ಯಾರಡ್ಡೇ ಮಿತಿ. ಹೊಸ ಕಂಡೆನ್ಸರುಗಳು ಗಾತ್ರದಲ್ಲಿ ಚಿಕ್ಕವಾದುದರಿಂದ ಅವನ್ನು ಚಾಸಿಯ ಕೆಳಗೆ ಕೂರಿಸಿ, ಹಳೆಯ ಅಲ್ಯೂಮಿನಿಯಂ ಡಬ್ಬವನ್ನು ಸಂಪರ್ಕ ತಪ್ಪಿಸಿ ಇದ್ದಲ್ಲಿಯೇ ಬಿಡಬಹುದು.

ಬಳಿಕ ವೋಲ್ಟೇಜ್ ಆಯ್ಕೆಯ ಪಟ್ಟಿಯನ್ನು ಅತಿ ಹೆಚ್ಚಿನ ಅಂಕಿಗೆ ಇಟ್ಟು, 60 ವ್ಯಾಟಿನ ಹಳೆಯ ಮಾದರಿಯ ತಂತುಬಲ್ಬಿನ ಮೂಲಕ ವಿದ್ಯುತ್ತನ್ನು ಹಾಯಿಸಬೇಕು. ಬಲ್ಬು ಮೊದಲು ಹೊಳೆದು ಆಮೇಲೆ ಮಂದವಾದರೆ ಕ್ಷೇಮ. ಪೂರ್ಣವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ಆರಿಸಬೇಕು. ಸ್ಪೀಕರನ್ನು ಬಿಚ್ಚಿಟ್ಟು ಎಂದೂ ಚಾಲೂ ಮಾಡಬಾರದು.

ಟ್ರಾನ್ಸ್‌ಫಾರ್ಮರ್, ಗುಂಡಿ, ಗಾಜು

ಸ್ಪೀಕರಿನ ಟ್ರಾನ್ಸ್‌ಫಾರ್ಮರ್ ಕಾಣೆಯಾಗಿದ್ದರೆ ಗಣಿತವೇ ದಾರಿ ತೋರುತ್ತದೆ. ಇಎಲ್84ಕ್ಕೆ ಬೇಕಾದ ಭಾರ ಸುಮಾರು 5200 ಓಂ. ಸ್ಪೀಕರು 4 ಓಂ. ಭಾಗಿಸಿದರೆ 1300, ಅದರ ವರ್ಗಮೂಲ 36. ಸುತ್ತುಗಳ ಅನುಪಾತ 36ಕ್ಕೆ 1 ಇರಬೇಕೆಂದು ವೈಂಡಿಂಗ್ ಮಾಡುವವರಿಗೆ ಹೇಳಿದರೆ ಸಿದ್ಧಪಡಿಸಿ ಕೊಡಬಲ್ಲರು. ನೇರ ವಿದ್ಯುತ್ ಹರಿಯುವುದರಿಂದ ಕಬ್ಬಿಣದ ಪಟ್ಟಿಗಳ ನಡುವೆ ಚಿಕ್ಕ ಅಂತರವಿರಬೇಕೆಂಬುದನ್ನೂ ತಿಳಿಸಬೇಕು.

ನಾಲ್ಕು ಗುಂಡಿಗಳಲ್ಲಿ ಒಂದೇ ಉಳಿದಿದ್ದರೂ ಸಾಕು. ಅದರಿಂದ ಸಿಲಿಕೋನ್ ಅಚ್ಚನ್ನು ತೆಗೆದು, ಎಪಾಕ್ಸಿ ರಾಳಕ್ಕೆ ಬಣ್ಣ ಬೆರೆಸಿ ಎರೆದರೆ ಉಳಿದವು ಸಿದ್ಧವಾಗುತ್ತವೆ. ಡಯಲಿನ ಗಾಜನ್ನು ಮಾತ್ರ ನೀರಿನಿಂದ ತೊಳೆಯಬಾರದು. ಊರುಗಳ ಹೆಸರುಗಳು ಗಾಜಿನ ಹಿಂಭಾಗದಲ್ಲಿ ಅಚ್ಚಾಗಿದ್ದು, ಒದ್ದೆ ಬಟ್ಟೆಯ ಒಂದು ಒರಸಿಗೇ ಅಳಿಸಿಹೋಗಬಹುದು. ಮುಂಭಾಗವನ್ನಷ್ಟೇ ಒರಸಿ, ಹಿಂಭಾಗದ ಧೂಳನ್ನು ಮೃದುವಾದ ಕುಂಚದಿಂದ ಕೊಡವಬೇಕು.

ಕೇಳುವುದೇನನ್ನು?

ಮಧ್ಯಮ ತರಂಗದ ಹಲವು ಪ್ರಸಾರ ಯಂತ್ರಗಳು ಈಚಿನ ವರ್ಷಗಳಲ್ಲಿ ನಿಂತಿರುವುದರಿಂದ ಈ ಪ್ರಶ್ನೆ ಸಹಜ. ಅನೇಕ ಸೆಟ್ಟುಗಳ ಹಿಂಬದಿಯಲ್ಲಿ ಗ್ರಾಮಫೋನಿಗಾಗಿ 'ಪಿಕ್‌ಅಪ್' ಎಂಬ ಎರಡು ರಂಧ್ರಗಳಿವೆ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಮೊಬೈಲ್ ಫೋನಿನ ಎಡಬಲ ಧ್ವನಿಗಳನ್ನು 1000 ಓಂಗಳ ಎರಡು ರೋಧಕಗಳ ಮೂಲಕ ಕೂಡಿಸಿ ಅಲ್ಲಿಗೆ ಜೋಡಿಸಬಹುದು. ಆಕಾಶವಾಣಿಯ ಆ್ಯಪ್‌ನಲ್ಲಿ ಬರುವ ಕನ್ನಡ ಪ್ರಸಾರವು ಆಗ ಹಳೆಯ ಸ್ಪೀಕರಿನಿಂದಲೇ ಹೊರಡುತ್ತದೆ. 'ಯು' ಸೆಟ್ಟಿಗೆ ಮಾತ್ರ ಈ ಜೋಡಣೆ ಎಂದಿಗೂ ಸಲ್ಲದು.

ಬದಲಿಸಿದ ಪ್ರತಿಯೊಂದು ಭಾಗದ ಹೆಸರು, ಬೆಲೆ, ದಿನಾಂಕಗಳನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಿಡಬೇಕು. ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ ಜೊತೆಗಿಡಬೇಕು. ಮುಂದೆ ದುರಸ್ತಿ ಮಾಡುವವರಿಗೆ ಯಾವುದು ಮೂಲ, ಯಾವುದು ಪೂರಣ ಎಂಬುದು ಇದರಿಂದ ತಿಳಿಯುತ್ತದೆ.

ಭೌತಶಾಸ್ತ್ರದ ಪಾಠದಲ್ಲಿ ಬರುವ ರೋಧಕ, ಧಾರಕ, ಅನುನಾದಗಳು ಕಣ್ಣಿಗೆ ಕಾಣುವಂತೆ ಬಿಡಿಬಿಡಿಯಾಗಿರುವುದು ಈ ಪೆಟ್ಟಿಗೆಯಲ್ಲಿ. ಇಂದಿನ ಮೊಬೈಲನ್ನು ಬಿಚ್ಚಿದರೆ ಅವು ಬರಿಗಣ್ಣಿಗೆ ಕಾಣವು. ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಒಂದು ಬಿನ್ನಹ: ಅಟ್ಟದ ರೇಡಿಯೋವನ್ನು ಗುಜರಿಗೆ ಕೊಡುವ ಮೊದಲು ಶಾಲೆಯ ವಿಜ್ಞಾನ ಶಿಕ್ಷಕರಿಗೆ ತೋರಿಸಿರಿ. ಭಾಗಗಳು ಕಾಣೆಯಾಗಿದ್ದರೂ ಚಿಂತೆಯಿಲ್ಲ. ಮಕ್ಕಳ ಪಾಠವು ಆ ಖಾಲಿ ಜಾಗಗಳಿಂದಲೇ ಆರಂಭವಾಗಬಹುದು.