ಶೆಡ್ಡಿನ ಬಾಗಿಲು: ಒಂದು ಕನ್ನಡ ಪಾಠ



ಇಂಗ್ಲೆಂಡಿನಲ್ಲಿ ಮನೆಯ ಹಿಂದೆ ಅಂಗೈಯಗಲ ತೋಟವಿದ್ದರೂ ಸಾಕು, ಅದರ ಮೂಲೆಯಲ್ಲಿ ಮರದ ಶೆಡ್ ಒಂದು ನಿಂತಿರುವುದು ಸಾಮಾನ್ಯ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಮಕ್ಕಳು ಕೇಳುತ್ತಾರೆ. ಕೊಟ್ಟಿಗೆ ಎಂದರೆ ದನಕರುಗಳನ್ನು ಕಟ್ಟುವ ಜಾಗ. ಉಗ್ರಾಣ ಎಂದರೆ ದವಸಧಾನ್ಯ, ಸಾಮಾನು ಇಡುವ ಕೋಣೆ. ಎರಡೂ ಹೊಂದುವುದಿಲ್ಲ. ಶೆಡ್ ಎಂದೇ ಕರೆಯೋಣ. ಊರಿನಲ್ಲೂ ಜನ ಹಾಗೆಯೇ ಅನ್ನುತ್ತಾರೆ. ಆದರೆ ಅದರ ಬಾಗಿಲಿನ ವಿಷಯ ಬೇರೆ. ಬಾಗಿಲಿನ ಒಂದೊಂದು ಭಾಗಕ್ಕೂ ನಮ್ಮಲ್ಲಿ ಹೆಸರಿದೆ. ಈ ಹೆಸರುಗಳು ಪಠ್ಯಪುಸ್ತಕದಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಬಡಗಿಗಳ ಬಾಯಲ್ಲಿ, ಅಜ್ಜ ಅಜ್ಜಿಯರ ಬಾಯಲ್ಲಿ ಸಿಗುತ್ತವೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇಬ್ಬರೂ ದೂರ. ಹಾಗಾಗಿ ಈ ಸಲ ಶೆಡ್ಡಿಗೊಂದು ಬಾಗಿಲು ಮಾಡುತ್ತಲೇ ಆ ಪದಗಳನ್ನು ಕಲಿಯೋಣ.

ಮೊದಲು ಬಾಗಿಲು ಮತ್ತು ಕದ ಇವೆರಡರ ವ್ಯತ್ಯಾಸ ತಿಳಿಯಬೇಕು. ನಾವು ಒಳಗೆ ಹೋಗುವ ದಾರಿ ಬಾಗಿಲು. ಅದನ್ನು ಮುಚ್ಚುವ ಹಲಗೆ ಕದ. ಈಗ ಎರಡಕ್ಕೂ ಬಾಗಿಲು ಎಂದೇ ಹೇಳುವ ರೂಢಿಯಿದೆ, ತಪ್ಪೇನಲ್ಲ. ತಮಿಳಿನ ವಾಯಿಲ್, ತೆಲುಗಿನ ವಾಕಿಲಿ, ತುಳುವಿನ ಬಾಕಿಲ್ ಇವೆಲ್ಲ ನಮ್ಮ ಬಾಗಿಲಿನ ಒಡಹುಟ್ಟುಗಳು. ತಮಿಳಿನಲ್ಲಿ ವಾಯ್ ಎಂದರೆ ಬಾಯಿ. ಮನೆಗೆ ಬಾಗಿಲೇ ಬಾಯಿ ಎಂದು ನೆನಪಿಟ್ಟುಕೊಂಡರೆ ಪದ ಮರೆಯುವುದಿಲ್ಲ. ಕದಕ್ಕೆ ಸಂಸ್ಕೃತದಲ್ಲಿ ಕವಾಟ ಎನ್ನುತ್ತಾರೆ. ವಿಜ್ಞಾನದ ಪಾಠದಲ್ಲಿ ಬರುವ ಹೃದಯದ ಕವಾಟವೂ ಇದೇ ಪದ: ರಕ್ತ ಒಂದೇ ಕಡೆಗೆ ಹೋಗುವಂತೆ ತೆರೆದು ಮುಚ್ಚುವ ಪುಟ್ಟ ಕದ.

ಕದವನ್ನು ಹಿಡಿದು ನಿಲ್ಲಿಸುವ ಮರದ ಕಟ್ಟು ಚೌಕಟ್ಟು. ಬಾಗಿಲುವಾಡ, ದಾರವಂದ ಎಂದೂ ಕರೆಯುತ್ತಾರೆ. ಕೆಳಗಿನ ಅಡ್ಡಮರ ಹೊಸ್ತಿಲು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವುದನ್ನು ಮಕ್ಕಳು ಊರಿನಲ್ಲಿ ನೋಡಿರುತ್ತೀರಿ.

ಕೆಲಸ ಆರಂಭವಾಗುವುದು ಅಳತೆಯಿಂದ. ಚೌಕಟ್ಟಿನ ಒಳಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದುದನ್ನು ಹಿಡಿಯಬೇಕು. ಎತ್ತರಕ್ಕೂ ಹಾಗೆಯೇ. ಅಷ್ಟಾದರೆ ಸಾಲದು. ನಾಲ್ಕು ಬದಿಗಳ ಅಳತೆ ಸರಿಯಿದ್ದೂ ಚೌಕಟ್ಟು ಒಂದು ಕಡೆಗೆ ವಾಲಿರಬಹುದು. ಅದನ್ನು ಹಿಡಿಯುವ ಉಪಾಯ ಕರ್ಣ, ಅಂದರೆ ಮೂಲೆಯಿಂದ ಮೂಲೆಗೆ ಅಳೆಯುವುದು. ಎತ್ತರ 180 ಸೆಂ.ಮೀ., ಅಗಲ 75 ಸೆಂ.ಮೀ. ಇದ್ದರೆ ಕರ್ಣ ಎಷ್ಟು? 180ರ ವರ್ಗ 32,400, 75ರ ವರ್ಗ 5,625, ಕೂಡಿದರೆ 38,025, ಅದರ ವರ್ಗಮೂಲ 195. ಎರಡೂ ಕರ್ಣಗಳು 195 ಬಂದರೆ ಮೂಲೆಗಳು ನೆಟ್ಟಗಿವೆ. ಒಂದು 194, ಇನ್ನೊಂದು 196 ಬಂದರೆ ಚೌಕಟ್ಟು ವಾಲಿದೆ. ಇದು ಪೈಥಾಗೊರಸನ ಪ್ರಮೇಯ ಎಂದು ಇಲ್ಲಿನ ಶಾಲೆಯಲ್ಲಿ ಕಲಿತಿದ್ದೀರಿ. ಯಜ್ಞವೇದಿಕೆಗಳನ್ನು ಹಗ್ಗದಿಂದ ಅಳೆದು ಕಟ್ಟುವ ವಿಧಾನ ಹೇಳುವ ಬೌಧಾಯನ ಶುಲ್ಬಸೂತ್ರದಲ್ಲೂ ಈ ನಿಯಮವಿದೆ. ಅಲ್ಲಿ ಉದಾಹರಣೆಗೆ ಕೊಟ್ಟ ಜೋಡಿಗಳಲ್ಲಿ 12 ಮತ್ತು 5 ಕೂಡ ಒಂದು. ನಮ್ಮ ಶೆಡ್ಡಿನ ಬಾಗಿಲು ಅದೇ ಜೋಡಿಯ ಹದಿನೈದು ಪಟ್ಟು!

ಇನ್ನು ಕದ. ಉದ್ದುದ್ದಕ್ಕೆ ಏಳು ಹಲಗೆಗಳನ್ನು ಜೋಡಿಸಿ, ಹಿಂಬದಿಯಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಅಡ್ಡಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸುತ್ತೇವೆ. ಇಷ್ಟಕ್ಕೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಚಿಲಕದ ಕಡೆಯ ಮೂಲೆ ಜೋತು ನೆಲಕ್ಕೆ ಉಜ್ಜತೊಡಗುತ್ತದೆ. ಏಕೆ? ನಾಲ್ಕು ಐಸ್‌ಕ್ರೀಂ ಕಡ್ಡಿಗಳ ತುದಿಗೆ ಗುಂಡುಪಿನ್ನು ಚುಚ್ಚಿ ಆಯತ ಮಾಡಿ, ಒಂದು ಮೂಲೆಯನ್ನು ಒತ್ತಿ ನೋಡಿ. ಆಯತ ಸುಲಭವಾಗಿ ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನವನ್ನು ಒತ್ತಿ, ಅಲುಗುವುದಿಲ್ಲ. ಆದ್ದರಿಂದ ಅಡ್ಡಪಟ್ಟಿಗಳ ನಡುವೆ ಓರೆಪಟ್ಟಿ ಬೇಕು.

ಓರೆಪಟ್ಟಿ ಯಾವ ದಿಕ್ಕಿಗೆ? ಇಡೀ ಕೆಲಸದಲ್ಲಿ ಗಮನವಿಟ್ಟು ತಿಳಿಯಬೇಕಾದದ್ದು ಇದೇ. ಓರೆಪಟ್ಟಿಯ ಕೆಳತುದಿ ಬಿಜಾಗರಿಯ ಕಡೆಗಿರಬೇಕು, ಮೇಲ್ತುದಿ ಚಿಲಕದ ಕಡೆಗೆ. ಆಗ ಚಿಲಕದ ಬದಿಯ ಭಾರ ಓರೆಪಟ್ಟಿಯನ್ನು ಒತ್ತಿಕೊಂಡು ಕೆಳಗಿನ ಬಿಜಾಗರಿಗೆ ಇಳಿಯುತ್ತದೆ. ತಿರುಗಿಸಿ ಹಾಕಿದರೆ ಅದೇ ಭಾರ ಪಟ್ಟಿಯನ್ನು ಎಳೆಯುತ್ತದೆ. ಆಗ ಹಿಡಿದುಕೊಳ್ಳಲು ತುದಿಯ ಎರಡು ಸ್ಕ್ರೂ ಬಿಟ್ಟರೆ ಬೇರೇನೂ ಇರುವುದಿಲ್ಲ. ಬೀದಿಯಲ್ಲಿ ನಡೆಯುವಾಗ ಪಕ್ಕದ ಗೇಟುಗಳನ್ನು ಗಮನಿಸಿ. ತಿರುಗಾಮುರುಗಾ ಹಾಕಿದವು ಬೇಕಾದಷ್ಟು ಸಿಗುತ್ತವೆ.

ಬಿಜಾಗರಿ ಎಂದೆವಲ್ಲ, ಅದು ಕದ ತಿರುಗುವ ಕೀಲು. ಮರಾಠಿಯಲ್ಲೂ ಇದೇ ಪದ. ಪೋಷಕರಲ್ಲೇ ಹಲವರಿಗೆ ಈ ಮಾತು ಹೊಸದಾಗಿರಬಹುದು. ಧಾರವಾಡ, ಬೆಳಗಾವಿ ಕಡೆಯವರನ್ನು ಕೇಳಿ ನೋಡಿ. ಶೆಡ್ಡಿಗೆ ಉದ್ದ ತೋಳಿನ ಬಿಜಾಗರಿ ಹಾಕುವುದು ರೂಢಿ. ಅದರ ಸ್ಕ್ರೂಗಳು ಹಲಗೆಯನ್ನು ದಾಟಿ ಹಿಂದಿನ ಅಡ್ಡಪಟ್ಟಿಯೊಳಕ್ಕೆ ಇಳಿಯಬೇಕು.

ಕದವನ್ನು ಚೌಕಟ್ಟಿನಷ್ಟೇ ಅಗಲ ಮಾಡುವಂತಿಲ್ಲ. ಇಲ್ಲಿನ ಮಳೆಗಾಲಕ್ಕೆ ತಿಂಗಳಿನ ಲೆಕ್ಕವಿಲ್ಲವಷ್ಟೆ. ತೇವ ಹೀರಿದ ಮರ ಉಬ್ಬುತ್ತದೆ. ಅದು ಅಡ್ಡಗಲದಲ್ಲಿ ಉಬ್ಬುವುದೇ ಹೊರತು ಉದ್ದದಲ್ಲಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅದಕ್ಕೇ ಹಲಗೆಗಳ ನಡುವೆ ಒಂದಿಷ್ಟು ಎಡೆ, ಎರಡು ಪಕ್ಕದಲ್ಲಿ ಸುಮಾರು 3 ಮಿ.ಮೀ. ಸಂದು, ಕೆಳಗೆ ಇನ್ನೂ ಸ್ವಲ್ಪ ಹೆಚ್ಚು ಬಿಡುತ್ತಾರೆ. ಅಳೆಯಲು ಪೌಂಡ್ ನಾಣ್ಯ ಸಾಕು, ಅದರ ದಪ್ಪ ಹತ್ತಿರ ಹತ್ತಿರ ಅಷ್ಟೇ. ಕದವನ್ನು ಬೆಣೆಗಳ ಮೇಲೆ ನಿಲ್ಲಿಸಿ, ಸುತ್ತ ನಾಣ್ಯ ಸಿಕ್ಕಿಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಬಿಜಾಗರಿ ಬಿಗಿಯಬೇಕು. ಒಬ್ಬರು ಹಿಡಿಯಲು, ಒಬ್ಬರು ತಿರುಪಲು ಬೇಕು. ಅಪ್ಪ ಅಮ್ಮನಿಗೆ ಮಕ್ಕಳ ನೆರವು ನಿಜವಾಗಿ ಬೇಕಾಗುವ ಗಳಿಗೆ ಇದು, ಟಿವಿ ಬಿಟ್ಟು ಬನ್ನಿ.

ಕೊನೆಗೆ ಅಂಚುಪಟ್ಟಿ. ನಮ್ಮ ಬಡಗಿಗಳು ಬೀಡಿಂಗ್ ಎನ್ನುತ್ತಾರೆ. ಇದು ಬರೀ ಅಲಂಕಾರವೆಂದು ತಿಳಿಯಬೇಡಿ. ಗೋಡೆಯ ಹಲಗೆ ಮತ್ತು ಚೌಕಟ್ಟಿನ ನಡುವಿನ ಸಂದನ್ನು ಅದು ಮುಚ್ಚುತ್ತದೆ, ಗೋಡೆಹಲಗೆಗಳ ಕೊಯ್ದ ತುದಿಗಳನ್ನು ಮಳೆಯಿಂದ ಕಾಯುತ್ತದೆ. ಮರ ನೀರನ್ನು ಅತಿ ಬೇಗ ಹೀರುವುದು ಕೊಯ್ದ ತುದಿಯಿಂದಲೇ. ಮೊದಲು ಎರಡು ಪಕ್ಕದ ಪಟ್ಟಿ, ನಂತರ ಅವುಗಳ ತಲೆಯ ಮೇಲೆ ಹಾಯುವಂತೆ ಮೇಲಿನ ಪಟ್ಟಿ. ಹೀಗಿದ್ದರೆ ಮೇಲಿನದು ಕೆಳಗಿನವುಗಳಿಗೆ ಕೊಡೆಯಾಗುತ್ತದೆ. ಕೂರಿಸುವ ಮೊದಲೇ ಕೊಯ್ದ ತುದಿಗಳಿಗೆ ಬಣ್ಣ ಹಚ್ಚಿರಿ. ತುಕ್ಕು ಹಿಡಿಯದ ಸ್ಕ್ರೂಗಳನ್ನೇ ಬಳಸಿರಿ.

ಪೋಷಕರಿಗೆ ಚಿಲಕದ ಬಗ್ಗೆ ಎರಡು ಮಾತು. ಶೆಡ್ಡಿನಲ್ಲಿ ಬಣ್ಣ, ಕಳೆನಾಶಕ, ಹರಿತವಾದ ಹತಾರಗಳು ಇರುತ್ತವೆ. ಚಿಲಕ ಚಿಕ್ಕ ಮಕ್ಕಳ ಕೈಗೆ ಎಟುಕದಷ್ಟು ಮೇಲಿರಲಿ. ಒಳಗಿರುವವರು ಸಿಕ್ಕಿಹಾಕಿಕೊಳ್ಳದಂತೆ ಒಳಗಿನಿಂದಲೂ ತೆರೆಯುವಂಥದ್ದನ್ನೇ ಆರಿಸಿ. ಹಳೆಯ ಮನೆಗಳಲ್ಲಿ ಕದದ ಹಿಂದೆ ಅಡ್ಡಲಾಗಿ ಸರಿಸುತ್ತಿದ್ದ ಮರದ ತುಂಡಿಗೆ ಅಗುಳಿ ಎಂದು ಹೆಸರು. ಅದು ಒಳಗಿನಿಂದ ಮಾತ್ರ ಹಾಕುವಂಥದ್ದು, ಶೆಡ್ಡಿಗೆ ಆಗದು.

ಅಭ್ಯಾಸ

ಒಂದು ಚೌಕಟ್ಟಿನ ಎತ್ತರ 168 ಸೆಂ.ಮೀ., ಅಗಲ 70 ಸೆಂ.ಮೀ.; ಮೂಲೆಗಳು ನೆಟ್ಟಗಿದ್ದರೆ ಕರ್ಣ ಎಷ್ಟಿರಬೇಕು? ಏಳು ಹಲಗೆಗಳ ಕದದಲ್ಲಿ ಎಡೆಯನ್ನೇ ಬಿಟ್ಟಿಲ್ಲ. ಒಂದೊಂದು ಹಲಗೆಯೂ 1 ಮಿ.ಮೀ. ಉಬ್ಬಿತು, ಎರಡು ಪಕ್ಕದ ಸಂದು ಸೇರಿ 6 ಮಿ.ಮೀ.; ಕದಕ್ಕೆ ಏನಾಗುತ್ತದೆ? ನಿಮ್ಮ ಮನೆಯ ಬಾಗಿಲಿನ ಚಿತ್ರ ಬರೆದು ಕದ, ಚೌಕಟ್ಟು, ಹೊಸ್ತಿಲು, ಬಿಜಾಗರಿ, ಚಿಲಕ, ಅಂಚುಪಟ್ಟಿ ಗುರುತಿಸಿ. ಆಮೇಲೆ ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನು ಕೇಳಿ, ಅವರು ಬಿಜಾಗರಿಗೆ ಏನು ಹೇಳುತ್ತಾರೆಂದು ಬರೆದುಕೊಂಡು ಬನ್ನಿ.