ಹೆರಿಗೆಯ ನಂತರದ 72 ಗಂಟೆಗಳು: ಆರ್‌ಎಚ್ ನೆಗೆಟಿವ್ ತಾಯಂದಿರ ಆರೈಕೆ

ರಕ್ತವನ್ನು ಎ, ಬಿ, ಎಬಿ, ಒ ಎಂಬ ಗುಂಪುಗಳಾಗಿ ವಿಂಗಡಿಸುವುದಲ್ಲದೆ, ಕೆಂಪು ರಕ್ತಕಣಗಳ ಮೇಲೆ ‘ಡಿ’ ಎಂಬ ಅಂಶ ಇರುವವರನ್ನು ಆರ್‌ಎಚ್ ಪಾಸಿಟಿವ್ ಎಂದೂ, ಇಲ್ಲದವರನ್ನು ಆರ್‌ಎಚ್ ನೆಗೆಟಿವ್ ಎಂದೂ ಗುರುತಿಸಲಾಗುತ್ತದೆ. ಭಾರತದಲ್ಲಿ ನೂರಕ್ಕೆ ಸುಮಾರು 5 ಮಂದಿ ನೆಗೆಟಿವ್ ಗುಂಪಿನವರು. ಇದು ರೋಗವಲ್ಲ, ಆದರೆ ಗರ್ಭಿಣಿಯರ ವಿಷಯದಲ್ಲಿ ಎಚ್ಚರಿಕೆ ಅಗತ್ಯ.

ತೊಂದರೆ ಉಂಟಾಗುವ ಬಗೆ

ತಾಯಿ ನೆಗೆಟಿವ್ ಆಗಿದ್ದು, ತಂದೆಯಿಂದ ಮಗುವಿಗೆ ಪಾಸಿಟಿವ್ ಗುಂಪು ಬಂದಿದ್ದರೆ, ಹೆರಿಗೆಯ ವೇಳೆ ಮಗುವಿನ ರಕ್ತ ತಾಯಿಯ ರಕ್ತದೊಡನೆ ಬೆರೆಯಬಹುದು. ಆಗ ತಾಯಿಯ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಇದರಿಂದ ಹಾನಿಯಾಗದು. ಮುಂದಿನ ಗರ್ಭದಲ್ಲಿ ಈ ಪ್ರತಿಕಾಯಗಳು ಪಾಸಿಟಿವ್ ಶಿಶುವಿನ ರಕ್ತಕಣಗಳನ್ನು ನಾಶಪಡಿಸುತ್ತವೆ. ತೀವ್ರ ರಕ್ತಹೀನತೆ, ಮೈಯೆಲ್ಲ ಬಾವು, ಮಿದುಳಿಗೆ ಹಾನಿ ಮಾಡುವ ಕಾಮಾಲೆ, ಶಿಶುಮರಣ ಇದರ ಪರಿಣಾಮಗಳು.

ತಡೆಗಟ್ಟುವ ವಿಧಾನ

ಆ್ಯಂಟಿ-ಡಿ ಚುಚ್ಚುಮದ್ದು ಪ್ರತಿಕಾಯಗಳು ಹುಟ್ಟುವ ಮೊದಲೇ ಇದನ್ನು ತಡೆಯುತ್ತದೆ. ಮಗು ಪಾಸಿಟಿವ್ ಎಂದು ತಿಳಿದರೆ, ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಸಾಮಾನ್ಯವಾಗಿ 300 ಮೈಕ್ರೋಗ್ರಾಂ ನೀಡಲಾಗುತ್ತದೆ. ಗರ್ಭಾವಸ್ಥೆಯ 28ನೇ ವಾರದಲ್ಲಿಯೂ ಒಂದು ಪ್ರಮಾಣ ನೀಡುವುದು ರಕ್ಷಣೆಯನ್ನು ಹೆಚ್ಚಿಸುತ್ತದೆ. ಗರ್ಭಪಾತ, ಗರ್ಭಕೋಶದ ಹೊರಗಿನ ಗರ್ಭ, ಹೊಟ್ಟೆಗೆ ಪೆಟ್ಟು, ರಕ್ತಸ್ರಾವ ಆದಾಗಲೂ ವೈದ್ಯರನ್ನು ಕಾಣಬೇಕು. ಪ್ರತಿಕಾಯಗಳು ಹುಟ್ಟಿದ ಮೇಲೆ ಈ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಅವಧಿ ಮೀರಿದ್ದರೂ ಕೂಡಲೇ ವೈದ್ಯರ ಸಲಹೆ ಪಡೆಯತಕ್ಕದ್ದು. ತಡವಾದರೂ ಸ್ವಲ್ಪ ಪ್ರಯೋಜನವಿರಬಹುದು.

ತವರಿಗೆ ಹೋಗುವಾಗ

ಭದ್ರಾವತಿಯಲ್ಲಿ ತಪಾಸಣೆ ಮಾಡಿಸಿಕೊಂಡ ಗರ್ಭಿಣಿ ಹೆರಿಗೆಗೆ ಶಿವಮೊಗ್ಗದ ತವರಿಗೆ ಬರುವುದು, ತಾಲ್ಲೂಕು ಆಸ್ಪತ್ರೆಯಿಂದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಕಳುಹಿಸಲ್ಪಡುವುದು ಸಾಮಾನ್ಯ. ತಾಯಿ ಕಾರ್ಡ್ ಮನೆಯಲ್ಲಿ ಉಳಿದರೆ ರಕ್ತದ ಗುಂಪಿನ ಮಾಹಿತಿ ತಡವಾಗಿ ದೊರೆಯಬಹುದು. ಆದ್ದರಿಂದ ಕುಟುಂಬದವರೂ ಆಶಾ ಕಾರ್ಯಕರ್ತೆಯರೂ ಈ ಕೆಳಗಿನವುಗಳನ್ನು ಪಾಲಿಸತಕ್ಕದ್ದು:

1. ಮೊದಲ ತಪಾಸಣೆಯಲ್ಲಿಯೇ ರಕ್ತದ ಗುಂಪನ್ನು ಪರೀಕ್ಷಿಸಿ, ತಾಯಿ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಸುವುದು.
2. ತಾಯಿ ನೆಗೆಟಿವ್ ಆಗಿದ್ದರೆ ಪತಿಯ ಗುಂಪನ್ನೂ ತಿಳಿಯುವುದು. ಪ್ರತಿಕಾಯಗಳ ಪರೀಕ್ಷೆ ಮಾಡಿಸುವುದು.
3. ಹಿಂದಿನ ಹೆರಿಗೆ, ಗರ್ಭಪಾತ ಹಾಗೂ ಪಡೆದ ಚುಚ್ಚುಮದ್ದುಗಳ ವಿವರವನ್ನು ವೈದ್ಯರಿಗೆ ತಿಳಿಸುವುದು.
4. ಎಲ್ಲಿಗೆ ಹೋದರೂ ತಾಯಿ ಕಾರ್ಡ್ ಜೊತೆಗಿರುವುದು.
5. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗುಂಪು ಪರೀಕ್ಷಿಸಲಾಯಿತೇ ಎಂದು ಕೇಳುವುದು.
6. ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲು ಚುಚ್ಚುಮದ್ದು ನೀಡಿದ ದಿನಾಂಕ ಕಾರ್ಡಿನಲ್ಲಿ ಇದೆಯೇ ಎಂದು ನೋಡುವುದು.

ಬಾಣಂತಿ ಮತ್ತು ಮಗು ಇಬ್ಬರೂ ಆರೋಗ್ಯವಾಗಿದ್ದಾರೆಂದು ಚುಚ್ಚುಮದ್ದನ್ನು ಬಿಡಬಾರದು. ಈ ಚುಚ್ಚುಮದ್ದಿನ ಫಲ ದೊರೆಯುವುದು ಮುಂದೆ ಹುಟ್ಟಲಿರುವ ಮಗುವಿಗೆ.